ಕಿವಿಗೊಂದು ಗಾದಿ

ಕನ್ನಡದಲ್ಲಿ ಕಿವಿಗೆ ಸಂದಷ್ಟು ಮಾತುಗಳು ಬೇರೆ ಅಂಗಗಳಿಗೆ ಸಂದಿವೆಯೋ ಇಲ್ಲವೋ. ಒಳ್ಳೆಯ ಬುದ್ಧಿ ಹೇಳಿದರೆ ಅದು ಕಿವಿಮಾತು. ಚಾಡಿಯನ್ನು ನಂಬುವವರದು ಹಿತ್ತಾಳೆ ಕಿವಿ. ಗುಟ್ಟು ಹೇಳುವಾಗ ಗೋಡೆಗೂ ಕಿವಿ ಬರುತ್ತದೆ. ಅರ್ಥವಾಗದವರ ಮುಂದೆ ಹಾಡಿದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ. ಹುಟ್ಟಿದ ಕೂಸಿಗೆ ಮಾಡುವ ಮೊದಲ ಶೃಂಗಾರವೂ ಕಿವಿ ಚುಚ್ಚಿಸುವುದೇ. ಬುಗುಡಿ, ಝುಮಕಿ, ಬೆಂಡೋಲೆ ಎಂದು ಹೆಂಗಸರ ಕಿವಿಗೆ ಏನೆಲ್ಲ ಬಂತು; ಗಂಡಸರೂ ಒಂಟಿ, ಮುರು ಎಂದು ಹಾಕಿಕೊಂಡರು. ಹೊರಗಿನ ಕಿವಿಗೆ ಇಷ್ಟು ಉಪಚಾರ ಮಾಡಿದ ಜನ ಒಳಗಿನ ಕಿವಿಯನ್ನು ಮಾತ್ರ ಅದರ ಪಾಡಿಗೆ ಬಿಟ್ಟುಬಿಟ್ಟರು. ಅದು ನೋಯುವವರೆಗೆ, ಇಲ್ಲವೆ ಕೇಳದಾಗುವವರೆಗೆ ಅದೊಂದು ಇದೆ ಎನ್ನುವುದೇ ನೆನಪಿರುವುದಿಲ್ಲ.

ಈಚಿನ ವರ್ಷಗಳಲ್ಲಿ ಕಿವಿಗೆ ಬಂದಿರುವ ಹೊಸ ಒಡವೆ ಹೆಡ್‌ಫೋನು. ಶಹಾಪುರದ ಬಸ್ ನಿಲ್ದಾಣದಲ್ಲಿ ಕಾಲೇಜಿನ ಹುಡುಗರು ಕಿವಿಯಲ್ಲಿ ಕಡಲೆಕಾಳಿನಷ್ಟು ಬಿಳಿಯ ಗುಂಡಿಗಳನ್ನು ಸಿಕ್ಕಿಸಿಕೊಂಡು, ಯಾದಗಿರಿಯ ಬಸ್ಸು ಬಂದದ್ದೂ ಗೊತ್ತಾಗದೆ ನಿಂತಿರುವುದನ್ನು ಯಾರಾದರೂ ನೋಡಬಹುದು. ಆದರೆ ಇಲ್ಲಿ ಹೇಳುತ್ತಿರುವುದು ಆ ಗುಂಡಿಗಳ ಮಾತಲ್ಲ. ಅದೇ ಊರಿನ ಒಬ್ಬ ನಿವೃತ್ತ ಮಾಸ್ತರರ ಮನೆಗೆ 2022ರ ದೀಪಾವಳಿಗೆ ಬಂದಿಳಿದ ದೊಡ್ಡ ಹೆಡ್‌ಫೋನಿನ ಮಾತು.

ಮಾಸ್ತರರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿ, 2016ರಲ್ಲಿ ನಿವೃತ್ತರಾದವರು. ಅವರಿಗಿದ್ದ ಒಂದೇ ಚಟ ಹಿಂದೂಸ್ತಾನಿ ಸಂಗೀತ. ಹಾಡಲು ಬಾರದು, ಕೇಳಲು ಮಾತ್ರ ಬೇಸರವಿಲ್ಲ. ಮೊದಲು ರೇಡಿಯೊ, ಆಮೇಲೆ ಟೇಪ್ ರೆಕಾರ್ಡರು, ಆಮೇಲೆ ಸಿ.ಡಿ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ - ಧಾರವಾಡದ ಆಸುಪಾಸಿನ ಮಣ್ಣಿನಲ್ಲಿ ಹುಟ್ಟಿದ ಈ ಗಾಯಕರನ್ನೆಲ್ಲ ಅವರು ಶಹಾಪುರದ ತಮ್ಮ ಪಡಸಾಲೆಯಲ್ಲಿ ಕೂತೇ ಕೇಳಿ ಮುಗಿಸಿದ್ದರು. ಮುಗಿಸಿದ್ದರು ಎನ್ನುವುದು ತಪ್ಪು. ಮನ್ಸೂರರು ತೀರಿದ್ದು 1992ರಲ್ಲಿ, ಗಂಗೂಬಾಯಿಯವರು 2009ರಲ್ಲಿ. ಮಾಸ್ತರರ ಮಟ್ಟಿಗೆ ಅವರ ಕಛೇರಿಗಳು ನಡೆಯುತ್ತಲೇ ಇದ್ದವು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ ಇದನ್ನು ಬಲ್ಲ. ತನಗೆ ಬಂದ ಬೋನಸ್ಸಿನಲ್ಲಿ ಅಪ್ಪನಿಗೆ ಒಂದು ಒಳ್ಳೆಯ ಹೆಡ್‌ಫೋನು ಕಳಿಸಿದ. ಪೆಟ್ಟಿಗೆ ಬಿಚ್ಚಿದಾಗ ಮಾಸ್ತರರ ಮನೆಯವರು, "ಇದೇನ್ರಿ, ಪೊಲೀಸರ ಟೊಪ್ಪಿಗಿ ಇದ್ದಂಗದಲ್ಲ?" ಎಂದರು. ಬೆಲೆ ಕೇಳಿದ ಮೇಲೆ ಪಕ್ಕದ ಮನೆಯ ಕಾಕಾ ಹೇಳಿದ್ದು ಮಾತ್ರ ಇಡೀ ಓಣಿಗೇ ಹಬ್ಬಿತು: "ಅಲ್ರಿ ಮಾಸ್ತರ್, ಅರ್ಧಾ ಎಮ್ಮಿ ತೆಲಿ ಮ್ಯಾಲ ಇಟ್ಗೊಂಡು ಕುಂತೀರಲ್ಲ!"

ಅರ್ಧ ಎಮ್ಮೆಯ ಈ ವಸ್ತುವಿಗೆ ಒಂದು ವಂಶಾವಳಿ ಇದೆ. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿ ಹೆಡ್‌ಫೋನು ತಯಾರಿಸಿ, 1910ರಲ್ಲಿ ಅಲ್ಲಿನ ನೌಕಾಪಡೆಗೆ ಕಳಿಸಿಕೊಟ್ಟ. ಅದು ನಿಸ್ತಂತು ಸಂದೇಶ ಕೇಳುವವರ ಉಪಕರಣವಾಗಿತ್ತು; ಸಂಗೀತದ ಗೊಡವೆ ಅದಕ್ಕಿರಲಿಲ್ಲ. ಸ್ಟೀರಿಯೊ ಸಂಗೀತ ಕೇಳುವುದಕ್ಕೆಂದೇ ಹೆಡ್‌ಫೋನು ಮಾರಿದವನು ಮಿಲ್ವಾಕಿಯ ಜಾನ್ ಕಾಸ್, 1958ರಲ್ಲಿ. ಆಗಿನ ಹೆಡ್‌ಫೋನುಗಳು ಕಿವಿಯನ್ನು ಡಬ್ಬಿಯಂತೆ ಮುಚ್ಚುತ್ತಿದ್ದವು. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಮಾದರಿಯಲ್ಲಿ ಆ ಡಬ್ಬಿಯ ಬೆನ್ನನ್ನು ತೆರೆದಿಟ್ಟಿತು. ಹಿಂದಿನಿಂದ ಗಾಳಿಯಾಡುವುದರಿಂದ ಹಾಡು ತಲೆಯೊಳಗೆ ಗುಂಯ್‌ಗುಡದೆ, ಎದುರಿನ ಬಯಲಿನಿಂದ ಬಂದಂತೆ ಕೇಳಿಸುತ್ತದೆ. ಅದೇ ಕಂಪನಿ 1990ರ ದಶಕದಲ್ಲಿ ತಂದ ಎಚ್‌ಡಿ 600 ಈ ತೆರೆದ ಬೆನ್ನಿನ ಜಾತಿಯಲ್ಲಿ ಇಂದಿಗೂ ಹೆಸರುವಾಸಿ. ಅದರ ಗಾದಿ, ಕೇಬಲ್, ನೆತ್ತಿಯ ಪಟ್ಟಿ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಬದಲಿಸಬಹುದು. ಮಾಸ್ತರರಿಗೆ ಬಂದದ್ದೂ ಇದೇ ಜಾತಿಯದು.

ಆದರೆ ಮೊದಲ ದಿನ ಅವರಿಗೆ ನಿರಾಸೆಯೇ ಆಯಿತು. ಮೊಬೈಲಿಗೆ ಸಿಕ್ಕಿಸಿ ಕೇಳಿದರೆ ಮನ್ಸೂರರು ಭೀಮಾ ನದಿಯ ಆಚೆ ದಂಡೆಯಲ್ಲಿ ಕೂತು ಹಾಡುತ್ತಿರುವಂತಿತ್ತು. ದನಿ ಪೂರ್ತಿ ಏರಿಸಿದರೂ ಸಪ್ಪೆ. ಇದನ್ನು ಬಗೆಹರಿಸಿದವನು ಅವರದೇ ಹಳೆಯ ವಿದ್ಯಾರ್ಥಿ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಈಗ ಮೊಬೈಲು ರಿಪೇರಿ ಮಾಡುತ್ತ ಅಂಗಡಿಯ ಹೆಸರನ್ನೂ ಮೂರು ಸಲ ಬದಲಿಸಿದವನು.

"ಸರ್, ಇದರದು ಮುನ್ನೂರು ಓಮ್ ಅದ. ಮೊಬೈಲಿಗಿ ಇಷ್ಟು ಎಳಿಯೋ ತಾಕತ್ತಿಲ್ಲ" ಎಂದ ಅವನು. ಮಾಸ್ತರರು ಕಣ್ಣರಳಿಸಿದ್ದನ್ನು ಕಂಡು, "ನಮ್ಮ ಕಾಲುವಿ ಇದ್ದಂಗ್ರಿ" ಎಂದು ವಿವರಿಸಿದ.

ಶಹಾಪುರ, ಸುರಪುರದ ಕಡೆಯವರಿಗೆ ಇದಕ್ಕಿಂತ ಸರಳವಾದ ವಿವರಣೆ ಬೇಡ. ನಾರಾಯಣಪುರ ಅಣೆಕಟ್ಟಿನಿಂದ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಮೇಲಿನ ಹೊಲಗಳಿಗೆ ಧಾರಾಳ; ಒತ್ತಡ ಸಾಲದಿದ್ದರೆ ಕೊನೆಯ ಹೊಲದವನಿಗೆ ಬರೀ ಹಸಿ ಮಣ್ಣು. ಓಮ್ ಎಂದರೆ ದಾರಿಯಲ್ಲಿರುವ ಅಡ್ಡಿ, ವೋಲ್ಟ್ ಎಂದರೆ ಹಿಂದಿನಿಂದ ತಳ್ಳುವ ಒತ್ತಡ. ಸಾಮಾನ್ಯ ಇಯರ್‌ಫೋನು 16 ಓಮಿನದೋ 32 ಓಮಿನದೋ ಇರುತ್ತದೆ. ಮೊಬೈಲಿನ ಅರ್ಧ, ಒಂದು ವೋಲ್ಟು ಅದಕ್ಕೆ ಸಾಕು. 300 ಓಮಿನ ಹೆಡ್‌ಫೋನಿಗೆ, ಅದರಲ್ಲೂ ಮೆಲ್ಲಗೆ ಮುದ್ರಿತವಾದ ಹಳೆಯ ಹಾಡುಗಳಿಗೆ, ಇನ್ನಷ್ಟು ಒತ್ತಡ ಬೇಕು. ಅದಕ್ಕೊಂದು ಆಂಪ್ಲಿಫೈಯರ್ ಇರಬೇಕು. ಮಗ ಬೆಂಕಿಪೊಟ್ಟಣದಷ್ಟು ದೊಡ್ಡದೊಂದನ್ನು ಕಳಿಸಿದ. ಅಂಕಿಗಳ ರೂಪದಲ್ಲಿರುವ ಹಾಡನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್, ಆ ಅಲೆಗೆ ಬಲ ಕೊಡುವ ಆಂಪ್ಲಿಫೈಯರ್ - ಎರಡೂ ಅದರೊಳಗೇ. ಅವತ್ತು ರಾತ್ರಿ ಮನ್ಸೂರರು ನದಿ ದಾಟಿ ಈಚೆ ಬಂದರು.

ಅದನ್ನು ಜೋಡಿಸುವಾಗ ಹುಡುಗ ಒಂದು ದಪ್ಪ ಪಿನ್ನನ್ನು ಮಾಸ್ತರರ ಕೈಗೆ ಕೊಟ್ಟು ನೋಡಿಸಿದ. ಕಾಲಂಗುಲ ಅಡ್ಡಳತೆಯ ಈ ಪಿನ್ನು ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಟ್ಟಿದ್ದು. ಯಾರ ಕರೆಯನ್ನು ಯಾರಿಗೆ ಕೂಡಿಸಬೇಕೋ ಆ ತೂತಿಗೆ ಆಪರೇಟರು ಇದನ್ನು ಚುಚ್ಚುತ್ತಿದ್ದರು. ನೂರು ವರ್ಷ ದಾಟಿದರೂ ಅದರ ಅಳತೆ ಬದಲಾಗಿಲ್ಲ.

ಒಳ್ಳೆಯ ವಸ್ತು ಮನೆಗೆ ಬಂದರೆ ಅದರ ಹಿಂದೆ ಅದಕ್ಕಿಂತ ಒಳ್ಳೆಯದರ ಆಸೆಯೂ ಬರುತ್ತದೆ. ಹೊಸ ಎತ್ತು ತಂದವನಿಗೆ ಹೊಸ ಗಂಟೆ ಬೇಕು, ಕೋಡಣಸು ಬೇಕು. ಮಾಸ್ತರರು ಮೊಬೈಲಿನಲ್ಲಿ ಹುಡುಕಿದಂತೆಲ್ಲ ಬೆಳ್ಳಿ ಲೇಪಿಸಿದ ಕೇಬಲ್ಲುಗಳು ಕಾಣತೊಡಗಿದವು. ಕೆಲವಕ್ಕೆ ಹೆಡ್‌ಫೋನಿಗಿಂತ ಹೆಚ್ಚು ಬೆಲೆ. ಗಣಿತದ ಮಾಸ್ತರರಾದ್ದರಿಂದ ಅವರು ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕೂತರು. ಮೂರು ಮೀಟರಿನ ತಾಮ್ರದ ತಂತಿ, ಹೋಗಿ ಬರುವುದು ಸೇರಿ ಆರು ಮೀಟರು. ಅದರ ಅಡ್ಡಿ ಹೆಚ್ಚೆಂದರೆ ಒಂದೆರಡು ಓಮು. ಹೆಡ್‌ಫೋನಿನದು ಮುನ್ನೂರು. ಮುನ್ನೂರು ರೂಪಾಯಿಯ ಸಂತೆಯಲ್ಲಿ ಒಂದು ರೂಪಾಯಿ ಚೌಕಾಸಿ ಮಾಡಲು ಮೂವತ್ತು ಸಾವಿರ ಖರ್ಚು ಮಾಡುವುದು ಯಾವ ಲೆಕ್ಕದಲ್ಲೂ ಕೂಡಲಿಲ್ಲ. ಕೇಬಲ್ ತುಂಡಾದರೆ ಹೊಸದು ತರಬೇಕು, ಬಳಸಲು ಭಾರವಾಗಿದ್ದರೆ ಹಗುರವಾದದ್ದು ತರಬೇಕು. ಹಾಡು ಚೆನ್ನಾಗಲಿ ಎಂದು ತರಬೇಕಾಗಿಲ್ಲ.

ಹಾಗಾದರೆ ಯಾವುದನ್ನು ಬದಲಿಸಿದರೆ ಹಾಡು ನಿಜವಾಗಿ ಬದಲಾಗುತ್ತದೆ? ಹುಡುಗ ಹೇಳಿದ್ದು, ಗಾದಿ. ಕಿವಿಯ ಸುತ್ತ ಕೂರುವ ಮೆತ್ತೆಗೆ ಮಾಸ್ತರರ ಮನೆಯವರು ಇಟ್ಟ ಹೆಸರು ಇದು. ಓಣಿಯಲ್ಲಿ ಅದೇ ನಿಂತಿತು. ಹೊಸ ಗಾದಿ ದಪ್ಪಗಿರುತ್ತದೆ; ಒಳಗಿನ ತೆಳು ಪರದೆ ಕಿವಿಯಿಂದ ಇಷ್ಟೇ ದೂರದಲ್ಲಿರಬೇಕು ಎಂದು ತಯಾರಿಸಿದವರು ಲೆಕ್ಕ ಹಾಕಿರುತ್ತಾರೆ. ವರ್ಷಗಟ್ಟಲೆ ಒತ್ತಿ ಒತ್ತಿ ಗಾದಿ ಚಪ್ಪಟೆಯಾದಾಗ ಪರದೆ ಕಿವಿಗೆ ಸಮೀಪಿಸುತ್ತದೆ, ಸ್ವರಗಳ ತೂಕ ಏರುಪೇರಾಗುತ್ತದೆ. ಮುಚ್ಚಿದ ಬೆನ್ನಿನ ಹೆಡ್‌ಫೋನಾದರಂತೂ ಗಾದಿ ಹರಿದು ಸಂದಿ ಬಿಟ್ಟರೆ ತಬಲಾದ ಎಡಗೈ ಹೋದಂತೆಯೇ. ಜನ ಆಗ ಹೆಡ್‌ಫೋನು ಹಳತಾಯಿತು ಎಂದು ಹೊಸದನ್ನು ಕೊಳ್ಳುತ್ತಾರೆ. ಹಳತಾದದ್ದು ಗಾದಿ ಮಾತ್ರ.

ತಂಬೂರಿಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಮೀರಜಿನಲ್ಲಿ ಮಾಡಿದ ಎಷ್ಟು ಬೆಲೆಬಾಳುವ ತಂಬೂರಿಯಾದರೂ ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸರಿಯಾದ ಜಾಗದಲ್ಲಿ ಕೂರದಿದ್ದರೆ ನಾದ ಅರಳುವುದಿಲ್ಲ. ಆ ಅರಳುವಿಕೆಗೆ ಜವಾರಿ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಜವಾರಿ ಎಂದರೆ ಅಪ್ಪಟ ನಾಟಿ ಎಂದೂ ಅರ್ಥ. ಸಾವಿರಾರು ರೂಪಾಯಿಯ ವಾದ್ಯಕ್ಕೆ ಜೀವ ಕೊಡುವುದು ಬಿಡಿಗಾಸಿನ ದಾರ.

ಇನ್ನು ಕಾಪಾಡಿಕೊಳ್ಳುವ ಮಾತು. ಹೊರದೇಶದಿಂದ ಬರುವ ಸಾಮಾನಿನ ಸೂಚನಾ ಪತ್ರದಲ್ಲಿ ಶಹಾಪುರದ ಮೇ ತಿಂಗಳ ಬಗ್ಗೆ ಏನೂ ಬರೆದಿರುವುದಿಲ್ಲ. ನಲವತ್ತು ಡಿಗ್ರಿ ದಾಟುವ ಬಿಸಿಲು, ಬಿರುಗಾಳಿ ಹೊತ್ತು ತರುವ ಕೆಂಪು ಧೂಳು, ಸುಗ್ಗಿಯಲ್ಲಿ ಹತ್ತಿಯ ಎಳೆ, ಭತ್ತದ ಹೊಟ್ಟು. ಇವಕ್ಕೆಲ್ಲ ಮಿಗಿಲಾದ ಶತ್ರು ಮಾಸ್ತರರ ತಲೆಯಲ್ಲೇ ಇತ್ತು: ಕೊಬ್ಬರಿ ಎಣ್ಣೆ. ದಿನವೂ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಮೇಲೆ ಹೆಡ್‌ಫೋನು ಕೂತರೆ ಎಣ್ಣೆ ಗಾದಿಯ ಬಟ್ಟೆಗೆ, ಅಲ್ಲಿಂದ ಒಳಗಿನ ಸ್ಪಂಜಿಗೆ ಇಳಿಯುತ್ತದೆ. ಅದಕ್ಕೆ ಧೂಳು ಅಂಟಿ ಗಟ್ಟಿಯಾಗುತ್ತದೆ. ಚರ್ಮದಂತೆ ಕಾಣುವ ರೆಕ್ಸಿನ್ ಗಾದಿಯಾದರೆ ಸಿಪ್ಪೆ ಸುಲಿಯುತ್ತದೆ.

ಈ ಸಮಸ್ಯೆಗೆ ಪರಿಹಾರ ಅಡುಗೆಮನೆಯಿಂದ ಬಂತು. ಮಾಸ್ತರರ ಮನೆಯವರು ಹಳೆಯ ಧೋತರದ ತೆಳು ಅಂಚಿಲ್ಲದ ಭಾಗವನ್ನು ಕತ್ತರಿಸಿ, ಎಲಾಸ್ಟಿಕ್ ಹಾಕಿ, ಎರಡು ಗವಸು ಹೊಲಿದರು. ನೆತ್ತಿಯ ಪಟ್ಟಿಗೂ ಒಂದು. ವಾರಕ್ಕೊಮ್ಮೆ ತೆಗೆದು ತೊಳೆದು ಒಣಹಾಕಿದರಾಯಿತು. ಉಳಿದದ್ದನ್ನು ಹುಡುಗ ಒಂದೊಂದಾಗಿ ಹೇಳಿಕೊಟ್ಟ. ಕಿತ್ತುವಾಗ ಕೇಬಲ್ ಹಿಡಿದು ಜಗ್ಗದೆ ಪಿನ್ನನ್ನೇ ಹಿಡಿಯಬೇಕು. ಕೇಬಲನ್ನು ಕೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕದೆ, ದನದ ಹಗ್ಗದಂತೆ ಸಡಿಲ ಸುರುಳಿ ಮಾಡಬೇಕು. ಬಟ್ಟೆಯ ಗಾದಿಯನ್ನು ಕಳಚಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಕೂಡಿಸಬೇಕು. ಒಳಗಿನ ಪರದೆಯನ್ನು ಮಾತ್ರ ಬೆರಳಿನಿಂದ ಮುಟ್ಟಬಾರದು, ಬಾಯಿಂದ ಊದಲೂ ಬಾರದು. ಹಾಡಿನ ನಡುವೆ ಗಿರ್ರೆಂದು ಸದ್ದು ಬಂದರೆ ಗಾಬರಿ ಬೇಡ, ಬಹಳ ಸಲ ಪರದೆಯ ಮೇಲೆ ಬಿದ್ದ ಒಂದು ತಲೆಗೂದಲು ಅದಕ್ಕೆ ಕಾರಣ. ಗಾದಿ ತೆಗೆದು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿದರೆ ಉದುರುತ್ತದೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯಲ್ಲಿ, ಹೊಸ ಚಪ್ಪಲಿಯ ಜೊತೆ ಬರುವ ತೇವ ಹೀರುವ ಪೊಟ್ಟಣದೊಂದಿಗೆ ಇಡಬೇಕು. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಮೇಲೆ, ಕಾರಿನೊಳಗೆ ಇಡಲೇಬಾರದು.

ಹೀಗೆ ವರ್ಷವೊಂದು ಕಳೆಯಿತು. 2023ರ ಚಳಿಗಾಲದಲ್ಲಿ ಮಾಸ್ತರರಿಗೆ ಒಂದು ಅನುಮಾನ ಹತ್ತಿತು. ಎಡಗಡೆಯ ದನಿ ಸಣ್ಣಗಾಗಿದೆ. ಮನ್ಸೂರರ ಹಳೆಯ ಧ್ವನಿಮುದ್ರಣಗಳು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಹಾಡು ತಲೆಯ ನಟ್ಟನಡುವೆ ನಿಲ್ಲಬೇಕು. ಅದು ಬಲಕ್ಕೆ ವಾಲುತ್ತಿತ್ತು. ತಂಬೂರಿಯ ಜವಾರಿಯೂ ಮೊದಲಿನಷ್ಟು ಮಿಂಚುತ್ತಿರಲಿಲ್ಲ.

ಅವರು ಹುಡುಗನನ್ನು ಕರೆಸಿದರು. ಅವನು ಎಡಗಡೆಯ ಪಿನ್ನು ಕಳಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಕೇಬಲ್ಲಿನ ಎಡ, ಬಲ ಅದಲು ಬದಲು ಮಾಡಿದ. ಗಾದಿಗಳನ್ನೂ ಅದಲು ಬದಲು ಮಾಡಿದ. ವಾಲಿದ ಹಾಡು ವಾಲಿಯೇ ಇತ್ತು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಸರ್, ಒಂದ್ ಕೆಲಸ ಮಾಡ್ರಿ. ಅದನ್ನ ತೆಲಿ ಮ್ಯಾಲ ಹಿಂದುಮುಂದು ಹಾಕ್ಕೊಳ್ರಿ" ಎಂದ.

ಎಡದ ಬಟ್ಟಲು ಬಲಗಿವಿಗೆ, ಬಲದ ಬಟ್ಟಲು ಎಡಗಿವಿಗೆ ಬಂತು. ದೋಷ ಹೆಡ್‌ಫೋನಿನದಾಗಿದ್ದರೆ ಹಾಡು ಈಗ ಎಡಕ್ಕೆ ವಾಲಬೇಕಿತ್ತು. ಗಣಿತದ ಮಾಸ್ತರರಿಗೆ ಈ ಸಮೀಕರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಡು ಬಲದಲ್ಲೇ ಇತ್ತು.

"ಮಷೀನು ಖರೆ ಅದ ಬಿಡು ತಮ್ಮಾ" ಎಂದಷ್ಟೇ ಹೇಳಿ ಅವರು ಹೆಡ್‌ಫೋನನ್ನು ತೆಗೆದಿಟ್ಟರು. ಹುಡುಗ ದುಡ್ಡು ತೆಗೆದುಕೊಳ್ಳದೆ ಹೋದ.

ಆ ದಿನ ಅವರು ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ಎರಡು ಮೂರು ವರ್ಷದ ಸಣ್ಣಪುಟ್ಟ ಸಂಗತಿಗಳು ಒಂದರ ಹಿಂದೊಂದು ನೆನಪಾದವು. ಸಕ್ಕರಿ ತರ್ರಿ ಎಂದರೆ ಅಕ್ಕಿ ತಂದದ್ದು. ಮೊಮ್ಮಗಳು ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಸುಮ್ಮನೆ ಹ್ಞೂಂಗುಟ್ಟಿದ್ದು. ಊಟಕ್ಕೆ ಕೂತಾಗ ಮನೆಯವರು ಎಡಗಡೆ ಕೂರುವುದು ಮದುವೆಯಾದಂದಿನಿಂದ ಬಂದ ರೂಢಿ. ಈಚೆಗೆ ಅವರು ಊಟದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದ್ದರು. ಮಾಸ್ತರರು ಅದನ್ನು ವಯಸ್ಸಿನ ಗಾಂಭೀರ್ಯ ಎಂದುಕೊಂಡಿದ್ದರು.

ಮರುವಾರ ಕಲಬುರಗಿಯ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋದಾಗ ಮೊದಲು ಕಂಡದ್ದು ಗುಗ್ಗೆ. ಎಡಗಿವಿಯಲ್ಲಿ ಅದು ಬೆಣೆ ಹೊಡೆದಂತೆ ಕೂತಿತ್ತು. ಹೇರ್‌ಪಿನ್ನು, ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿ ಇವೆಲ್ಲ ಗುಗ್ಗೆಯನ್ನು ಹೊರತೆಗೆಯುವುದಕ್ಕಿಂತ ಒಳಕ್ಕೆ ದೂಡುವುದೇ ಹೆಚ್ಚು. ವೈದ್ಯರು ತೆಗೆದ ಮೇಲೆ ಲೋಕ ಒಂದಿಷ್ಟು ಹತ್ತಿರ ಬಂತು. ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಬರಹವಾಗುತ್ತಿತ್ತು. ಆದರೆ ವೈದ್ಯರು ಶ್ರವಣ ಪರೀಕ್ಷೆಯನ್ನೂ ಮಾಡಿಸಿದರು.

ಆ ಪರೀಕ್ಷೆ ನಡೆಯುವುದೂ ಹೆಡ್‌ಫೋನಿನಿಂದಲೇ. ಸದ್ದು ನುಗ್ಗದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗಿನ ಒಂದೊಂದೇ ದನಿಯನ್ನು ಮೆಲ್ಲ ಮೆಲ್ಲನೆ ಕೇಳಿಸುತ್ತಾರೆ. ಕೇಳಿದರೆ ಗುಂಡಿ ಒತ್ತಬೇಕು. ಹಾಡಿಲ್ಲ, ತಾಳವಿಲ್ಲ, ಬರೀ ಕೂಂ ಎನ್ನುವ ದನಿ. ಇಷ್ಟು ಏಕಾಗ್ರತೆಯಿಂದ ಮಾಸ್ತರರು ಮನ್ಸೂರರನ್ನೂ ಕೇಳಿರಲಿಲ್ಲ. ಫಲಿತಾಂಶದ ಕಾಗದದಲ್ಲಿ ಗೆರೆ ಕೆಳಸ್ವರಗಳಲ್ಲಿ ಸಮವಾಗಿ ಬಂದು, 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಇಳಿದಿತ್ತು. ಎರಡೂ ಕಿವಿಯಲ್ಲಿ, ಎಡದಲ್ಲಿ ಹೆಚ್ಚು.

"ಬಹಳ ವರ್ಷ ಸದ್ದಿನ ಜಾಗದಲ್ಲಿ ಕೆಲಸ ಮಾಡಿದ್ದೀರಾ?" ಎಂದು ವೈದ್ಯರು ಕೇಳಿದರು. ಮಾಸ್ತರರಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು: ತಂದೆಯ ಕಾಲದ ಹಿಟ್ಟಿನ ಗಿರಣಿ. ಶಾಲೆ ಬಿಟ್ಟ ಮೇಲೆ ಸಂಜೆ ಅಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ಇಪ್ಪತ್ತು ವರ್ಷ, ಎಡಕ್ಕೆ ಮೂರು ಮಾರು ದೂರದಲ್ಲಿ ಡೀಸೆಲ್ ಎಂಜಿನ್ನು. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಬೆಳಿಗ್ಗೆ ಹೋಗುತ್ತಿತ್ತು. ಹೋಯಿತಲ್ಲ ಎಂದು ಅವರು ಅದನ್ನು ಮರೆತಿದ್ದರು.

ಕಿವಿಯೊಳಗೆ ಬಸವನಹುಳದ ಚಿಪ್ಪಿನಂಥ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳು, ಪಿಯಾನೊದ ಮಣೆಗಳಂತೆ ಸಾಲಾಗಿ. ಹೆಚ್ಚಿನ ಸ್ವರದವು ಬಾಗಿಲ ಬಳಿ, ಮಂದ್ರದವು ಒಳಮನೆಯಲ್ಲಿ. ಜೋರು ಸದ್ದು ಬಡಿದಾಗ ಮೊದಲು ಪೆಟ್ಟಾಗುವುದು ಬಾಗಿಲ ಕಡೆಯವಕ್ಕೆ. ತಲೆಗೂದಲಾದರೆ ಉದುರಿ ಮತ್ತೆ ಬಂದೀತು. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನುಷ್ಯರ ಮಾತಿನಲ್ಲಿ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಈ ಮೇಲಿನ ಸ್ವರಗಳಲ್ಲೇ. ಅವು ಹೋದಾಗ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಸಕ್ಕರೆಯ ಸಕಾರ ಹೋಗಿ ಅಕ್ಕಿ ಉಳಿದದ್ದು ಹಾಗೆ. ಗಂಗೂಬಾಯಿಯವರ ಗಂಭೀರ ಕಂಠ ಅವರಿಗೆ ಯಾವತ್ತಿನಂತೆ ಕೇಳುತ್ತಿದ್ದದ್ದೂ, ತಂಬೂರಿಯ ಜವಾರಿ ಮಾಸಿದ್ದೂ ಹಾಗೆಯೇ.

ಹೆಡ್‌ಫೋನು ಇದಕ್ಕೆ ಕಾರಣವಾಗಿರಲಿಲ್ಲ. ಆದರೆ ಅದು ಇನ್ನಷ್ಟು ಕೆಡಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ. 90 ಡೆಸಿಬಲ್ಲಿಗೆ ವಾರಕ್ಕೆ 4 ಗಂಟೆ. 100ಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ. ವಾರಕ್ಕೆ, ದಿನಕ್ಕಲ್ಲ. 2050ರ ಹೊತ್ತಿಗೆ ಲೋಕದಲ್ಲಿ ಸುಮಾರು 250 ಕೋಟಿ ಜನಕ್ಕೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷ ಇರಬಹುದೆಂದು ಅದೇ ಸಂಸ್ಥೆ 2021ರ ವರದಿಯಲ್ಲಿ ಹೇಳಿದೆ. ಸೆನ್‌ಹೈಸರಿನ ಹೆಡ್‌ಫೋನು ವ್ಯಾಪಾರವನ್ನು 2022ರಲ್ಲಿ ಕೊಂಡುಕೊಂಡದ್ದು ಸೊನೊವಾ ಎಂಬ ಸ್ವಿಟ್ಜರ್ಲೆಂಡಿನ ಕಂಪನಿ. ಅದರ ಮೂಲ ಕಸುಬು ಶ್ರವಣ ಸಾಧನಗಳದ್ದು. ಕೇಳುವ ಸುಖವೂ ಕೇಳದ ಕಷ್ಟವೂ ಒಂದೇ ಗಿರಾಕಿಗೆ ಬರುತ್ತವೆ ಎಂದು ಅವರಿಗೆ ಗೊತ್ತಿದ್ದಿರಬೇಕು.

ಕಲಬುರಗಿಯಿಂದ ಮರಳುವ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಪಕ್ಕ ಕೂತಿದ್ದರು. ಮನೆಯವರು ಎಂದಿನಂತೆ ಎಡಕ್ಕೆ ಕೂರಲು ಬಂದರು. "ಈ ಕಡೆ ಕೂಡು" ಎಂದು ಅವರು ಜಾಗ ಬದಲಿಸಿಕೊಂಡು, ಜೇವರ್ಗಿ ದಾಟುವಷ್ಟರಲ್ಲಿ ಎಲ್ಲವನ್ನೂ ಹೇಳಿದರು. ಗೆರೆ ಇಳಿದ ಕಾಗದವನ್ನೂ ತೋರಿಸಿದರು. ಮನೆಯವರು ಕಾಗದವನ್ನು ಬಹಳ ಹೊತ್ತು ನೋಡಿದರು.

"ಹಂಗಾದ್ರ ನೀವು ಬೇಕಂತ ಸುಮ್ಮ ಇರ್ತಿರಲಿಲ್ಲ?" ಎಂದರು.

"ಇಲ್ಲ."

"ನನ್ನ ಮಾತು ಬ್ಯಾಸರಾಗ್ಯದ ಅಂತ ತಿಳಕೊಂಡಿದ್ದೆ. ಎರಡು ವರ್ಷಾತು" ಎಂದು ಹೇಳಿ ಅವರು ಕಾಗದವನ್ನು ಮಡಿಚಿ ಚೀಲದಲ್ಲಿಟ್ಟರು.

ಆಮೇಲೆ ಆ ಮನೆಯಲ್ಲಿ ಆದ ಬದಲಾವಣೆಗಳು ದೊಡ್ಡವಲ್ಲ. ಎಡಗಿವಿಗೆ ಶ್ರವಣ ಸಾಧನ ಬಂತು. ಮಾಸ್ತರರು ಮೊದಲು ನಾಚಿಕೊಂಡರು. ಕನ್ನಡಕ ಹಾಕಿಕೊಳ್ಳುವವರು ನಾಚುತ್ತಾರೇನು ಎಂದು ಮನೆಯವರು ಕೇಳಿದ ಮೇಲೆ ಹಾಕಿಕೊಂಡರು. ಊಟಕ್ಕೆ ಕೂರುವ ಜಾಗ ಬಲಕ್ಕೆ ಬಂತು. ಹೆಡ್‌ಫೋನು ಕೇಳುವ ಸಮಯವೂ ಬದಲಾಯಿತು. ಮೊದಲು ರಾತ್ರಿ ಊಟದ ನಂತರ, ಫ್ಯಾನಿನ ಸದ್ದು, ಓಣಿಯ ಟಿ.ವಿ. ಸದ್ದುಗಳ ನಡುವೆ ಕೇಳುತ್ತಿದ್ದರು. ತೆರೆದ ಬೆನ್ನಿನ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದನ್ನು ಮೀರಿಸಲು ದನಿ ಏರಿಸಲೇಬೇಕಾಗುತ್ತದೆ. ಈಗ ಬೆಳಗಿನ ಐದಕ್ಕೆ ಏಳುತ್ತಾರೆ. ಊರು ಇನ್ನೂ ಎದ್ದಿರುವುದಿಲ್ಲ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಆಕಾರ ಕತ್ತಲಿನಿಂದ ಇನ್ನೂ ಬೇರೆಯಾಗಿರುವುದಿಲ್ಲ. ಆಗ ಆಂಪ್ಲಿಫೈಯರಿನ ಗುಂಡಿಯನ್ನು ಮೊದಲಿನ ಅರ್ಧದಷ್ಟೂ ತಿರುಗಿಸಬೇಕಾಗಿಲ್ಲ. ಶ್ರವಣ ಸಾಧನ ತೆಗೆದಿಟ್ಟು, ಒಂದು ಗಂಟೆ ಕೇಳಿ, ಮುಗಿಸುತ್ತಾರೆ.

ಮೋನೊ ಹಾಡು ಸ್ವಲ್ಪ ಬಲಕ್ಕೆ ವಾಲುತ್ತದೆ. ಮೊಬೈಲಿನಲ್ಲಿ ಎಡ, ಬಲಗಳ ತೂಕ ಸರಿಹೊಂದಿಸುವ ಒಂದು ಪಟ್ಟಿ ಇದೆಯೆಂದು ಹುಡುಗ ತೋರಿಸಿಕೊಟ್ಟ. ಎಡವನ್ನು ಏರಿಸುವುದು ಬೇಡ, ಬಲವನ್ನೇ ಒಂದಿಷ್ಟು ಇಳಿಸಿ ಎಂದ. ಇಳಿಸಿದರೆ ಹಾಡು ನಡುವೆ ಬಂದು ನಿಲ್ಲುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಜವಾರಿ ಮಾತ್ರ ಹಿಂದಿನಂತೆ ಬರಲಿಲ್ಲ. ಅದು ಎಲ್ಲಿ ಮಿಂಚಬೇಕೆಂದು ಮಾಸ್ತರರಿಗೆ ಗೊತ್ತಿರುವುದರಿಂದ, ಆ ಜಾಗ ಬಂದಾಗ ಅವರು ಸ್ವಲ್ಪ ತಲೆ ಎತ್ತುತ್ತಾರೆ.

ಕಳೆದ ದೀಪಾವಳಿಗೆ ಮಗ ಫೋನು ಮಾಡಿದ್ದ. "ಅಪ್ಪಾ, ಹೆಡ್‌ಫೋನ್ ಹಳೇದಾತಲ್ಲ, ಹೊಸಾ ಮಾಡೆಲ್ ಬಂದದ. ಕಳಿಸ್ಲೇನು? ಇಲ್ಲಾಂದ್ರ ಛಲೋ ಕೇಬಲ್ಲರೆ ಕಳಿಸ್ತೀನಿ."

"ಏನೂ ಬ್ಯಾಡ" ಎಂದರು ಮಾಸ್ತರರು. "ಗಾದಿ ಒಂದು ಜೋಡಿ ಕಳಿಸು, ಹಳೇವು ಚಪ್ಪಟ ಆಗ್ಯಾವ. ಮತ್ತ ನೀ ಮಾತಾಡೋ ಮುಂದ ಸ್ವಲ್ಪ ನಿಧಾನ ಮಾತಾಡು. ನಿಮ್ಮವ್ವಗ ಹೇಳ್ತೀನಂದ್ರ ಎಲ್ಲಾ ಪೂರಾ ಕೇಳಸಬೇಕಲ್ಲ."

ಗಾದಿ ಬಂದವು. ಮನೆಯವರು ಅವಕ್ಕೆ ಹೊಸ ಗವಸು ಹೊಲಿಯುತ್ತಿದ್ದಾರೆ. ಈ ಸಲ ಧೋತರ ಸಿಗದೆ ತಮ್ಮದೇ ಹಳೆಯ ಸೀರೆಯನ್ನು ಕತ್ತರಿಸಿದ್ದಾರೆ.